ಮಸ್ಕಿ ಒಂದೇ ಅಲ್ಲ

ಮಾನ್ಯರೇ,

ಮೊಮ್ಮಗಳು ಪರೀಕ್ಷೆಗೆಂದು ಓದುತ್ತಿರುವ ಕೈಪಿಡಿಯನ್ನು ಮೊನ್ನೆ ತಿರುವಿಹಾಕುತ್ತಿದ್ದೆ. ‘ಅಶೋಕನ ಹೆಸರಿರುವ ಏಕೈಕ ಶಾಸನ ಯಾವುದು?’ ಎಂಬ ಪ್ರಶ್ನೆಗೆ ‘ಮಸ್ಕಿ’ ಎಂದು ದಪ್ಪಕ್ಷರದ ಉತ್ತರ. ನಾನು ಶಾಲೆಯಲ್ಲಿ ಉರುಹೊಡೆದದ್ದೂ ಇದನ್ನೇ. ಆದರೆ ಇದು ತಪ್ಪು.

1915ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಈ ಬರಹ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರಿಗೆ. ಅದೇ ವರ್ಷ ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಶಾಸನದ ಪಾಠವನ್ನು ಪ್ರಕಟಿಸಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ರಾಜನ ಹೆಸರಿನ ಬದಲು ‘ದೇವಾನಂಪಿಯ’ (ದೇವರಿಗೆ ಪ್ರಿಯನಾದವನು), ‘ಪಿಯದಸಿ’ ಎಂಬ ಬಿರುದುಗಳೇ. ಆ ರಾಜ ಅಶೋಕನೇ ಎಂಬುದಕ್ಕೆ ಸಿಂಹಳದ ಗ್ರಂಥಗಳೇ ಮುಖ್ಯ ಆಧಾರವಾಗಿದ್ದವು. ಮಸ್ಕಿಯ ಬಂಡೆಯಲ್ಲಿ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ‘ದೇವಾನಂಪಿಯಸ ಅಸೋಕಸ’ ಎಂದು ಬಿರುದೂ ಹೆಸರೂ ಅಕ್ಕಪಕ್ಕದಲ್ಲೇ ಇವೆ. ಚಿನ್ನದವನಿಗೆ ಸಿಕ್ಕದ್ದು ಚಿನ್ನಕ್ಕಿಂತ ಮಿಗಿಲಾದದ್ದೇ ಅನ್ನಿ!

ಹಾಗಾಗಿ ಮಸ್ಕಿ ‘ಮೊದಲನೆಯದು’, ನಿಜ. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮದೇ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲಿ ಸಿಕ್ಕ ಶಾಸನಗಳಲ್ಲೂ ಅಶೋಕನ ಹೆಸರಿದೆ. ನಾಲ್ಕರಲ್ಲಿ ಮೂರು ಕರ್ನಾಟಕದಲ್ಲೇ ಇರುವಾಗ ‘ಏಕೈಕ’ ಎಂದು ಬರೆದು ನಾವೇ ನಮ್ಮ ಪಾಲನ್ನು ಕಡಿಮೆ ಮಾಡಿಕೊಳ್ಳುವುದೇಕೆ? ಮಸ್ಕಿ ಎಂದು ಬರೆದರೆ ಅಂಕ ಸಿಗುತ್ತದೆ, ಉಡೇಗೋಳ ಎಂದರೆ ಸೊನ್ನೆ.

ಕೈಪಿಡಿ ಬರೆಯುವವರು ಮುಂದಿನ ಮುದ್ರಣದಲ್ಲಿ ಆ ಒಂದು ಪದವನ್ನು ತಿದ್ದಲಿ. ಮೊಮ್ಮಗಳ ಪ್ರತಿಯಲ್ಲಿ ನಾನು ಪೆನ್ಸಿಲಿನಿಂದ ಆಗಲೇ ತಿದ್ದಿದ್ದೇನೆ.

– ನಿವೃತ್ತ ಶಿಕ್ಷಕ, ರಾಯಚೂರು