ಭಾನುವಾರದ ಓದು: ಅಮೆರಿಕದ ಅಂತರ್ಯುದ್ಧದ ಡೈರಿಗಳು

ನಮಸ್ಕಾರ ಎಲ್ಲರಿಗೂ. ಈ ಸಲ ಮೇರಿ ಚೆಸ್ನಟ್ ಡೈರಿಯ 1861ರ ಭಾಗ ಓದಿಕೊಂಡು ಬನ್ನಿ, ಪೂರ್ತಿ ಬೇಡ. ಆಕೆ ದಕ್ಷಿಣ ಕೆರೊಲಿನಾದ ದೊಡ್ಡ ಜಮೀನ್ದಾರರ ಮನೆಯ ಸೊಸೆ. ಗುಲಾಮಗಿರಿಯನ್ನು ಬೈಯುತ್ತಾಳೆ, ಗುಲಾಮರ ದುಡಿಮೆಯಲ್ಲೇ ಬದುಕುತ್ತಾಳೆ. ಇನ್ನೊಂದು ವಿಷಯ, ಆಕೆ ಇದನ್ನು 1880ರ ದಶಕದಲ್ಲಿ ಕೂತು ಸಾಕಷ್ಟು ತಿದ್ದಿ ಬರೆದಳು, ಅಚ್ಚಾಗಿದ್ದು ಆಕೆ ತೀರಿಕೊಂಡ ಮೇಲೆ, 1905ರಲ್ಲಿ. ಹಾಗಾದರೆ ಇದನ್ನು ಡೈರಿ ಅನ್ನಬಹುದಾ? ಚರ್ಚೆ ಅಲ್ಲಿಂದಲೇ ಶುರು ಮಾಡೋಣ.

ಟೈಮ್ ಇದ್ದವರು ಫ್ರೀಮ್ಯಾಂಟಲ್‌ನ ಪ್ರವಾಸದ ಡೈರಿಯನ್ನೂ ನೋಡಿ. ಬ್ರಿಟಿಷ್ ಸೇನಾಧಿಕಾರಿ, 1863ರಲ್ಲಿ ಮೆಕ್ಸಿಕೊ ಕಡೆಯಿಂದ ಟೆಕ್ಸಾಸ್‌ಗೆ ಬಂದು, ಊರೂರು ಸುತ್ತಿ, ಕೊನೆಗೆ ಗೆಟಿಸ್‌ಬರ್ಗ್ ಕಾಳಗವನ್ನು ದಕ್ಷಿಣದ (ಅಮೆರಿಕದಿಂದ ಬೇರೆಯಾಗಲು ಹೊರಟ ಗುಲಾಮಗಿರಿಯ ರಾಜ್ಯಗಳ) ಸೇನೆಯ ಜೊತೆ ನಿಂತು ನೋಡಿದವನು. ದಕ್ಷಿಣದವರ ಮೇಲೆ ಇವನಿಗೆ ಮೋಹ ಜಾಸ್ತಿ, ಸ್ವಲ್ಪ ಹುಷಾರಾಗಿ ಓದಿ. ಎರಡೂ ಹಳೇ ಪುಸ್ತಕಗಳು, ಸುಮ್ನೆ ದುಡ್ಡು ಕೊಟ್ಟು ಕೊಳ್ಳಬೇಡಿ, ಪಿಡಿಎಫ್ ಉಚಿತವಾಗಿ ಸಿಗುತ್ತದೆ.