ವಿಷಯ: ನಿಮ್ಮ ಎಐ ಶಿಕ್ಷಕ ತಪ್ಪು ಪಾಠ ಹೇಳಿಕೊಡುತ್ತಿರುವ ಬಗ್ಗೆ ದೂರು

ಮಾನ್ಯರೇ,

ನನ್ನ ಮಗಳು ಹಿರೇಕೆರೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ನಾನು ಏಳಕ್ಕೇ ಶಾಲೆ ಬಿಟ್ಟವನು. ಸಂಜೆ ಅವಳಿಗೆ ಲೆಕ್ಕ ಹೇಳಿಕೊಡುವವರು ಮನೆಯಲ್ಲಿ ಯಾರೂ ಇಲ್ಲ. ಗಣಿತ, ವಿಜ್ಞಾನವನ್ನು ಕನ್ನಡದಲ್ಲೇ ಕಲಿಸುತ್ತದೆ ಎಂಬ ನಿಮ್ಮ ಜಾಹೀರಾತನ್ನು ನಂಬಿ, ಜೂನ್‌ನಲ್ಲಿ ವರ್ಷದ ಚಂದಾ 5,400 ರೂಪಾಯಿ ಕಟ್ಟಿದೆ.

ಮೊದಲೆರಡು ತಿಂಗಳು ಸಂತೋಷವಾಗಿಯೇ ಇದ್ದೆವು. ವರ್ಗ ಸಮೀಕರಣವನ್ನು ಹತ್ತು ಸಲ ಕೇಳಿದರೂ ಬೇಸರಿಸದೆ ಬಿಡಿಸಿ ತೋರಿಸಿತು. ಅದನ್ನು ನಾನು ಮರೆತಿಲ್ಲ.

ಕಳೆದ ವಾರ ಅವಳು ಬೆಳಕಿನ ಪಾಠದ ಲೆಕ್ಕವೊಂದನ್ನು ಕೇಳಿದಳು. ಪೀನ ಮಸೂರದ (ನಡು ಉಬ್ಬಿದ ಗಾಜು) ಸಂಗಮ ದೂರ, ಅಂದರೆ ಸಮಾನಾಂತರ ಕಿರಣಗಳು ಒಂದೆಡೆ ಸೇರುವ ಬಿಂದುವಿಗಿರುವ ದೂರ, 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಉತ್ತರ 12 ಸೆಂ.ಮೀ. ಎಂದು ಬಂತು. ನಡುವೆ ಎರಡು ಕಡೆ ಪೀನದ ಬದಲು ಅದಕ್ಕೆ ತದ್ವಿರುದ್ಧವಾದ ನಿಮ್ನ (ನಡು ತಗ್ಗಿದ) ಎಂದೂ ಬರೆದಿತ್ತು. ಪುಸ್ತಕದ ಹಿಂದೆ 60 ಇದೆಯಲ್ಲ ಎಂದು ಕೇಳಿದರೆ, ‘ಕ್ಷಮಿಸಿ, 60 ಸರಿ’ ಎಂದಿತು. ಅವಳಿಗೆ ಅನುಮಾನ ಬಂದು, ಬೇಕೆಂದೇ ‘18 ಅಲ್ಲವೇ?’ ಎಂದು ಕೇಳಿದಳು. ಅದಕ್ಕೂ ‘ಹೌದು, ನೀವು ಹೇಳಿದ್ದೇ ಸರಿ’ ಎಂದು ಹೊಸ ಲೆಕ್ಕವನ್ನೇ ಮಾಡಿ ತೋರಿಸಿತು!

ಮರುದಿನ ವಿಜ್ಞಾನದ ಮೇಷ್ಟ್ರು ಹೇಳಿದ್ದನ್ನು ಮಗಳೇ ನನಗೆ ವಿವರಿಸಿದಳು. ವಸ್ತುವಿನ ದೂರಕ್ಕೆ ಋಣ ಚಿಹ್ನೆ ಹಾಕದೆ ಸೂತ್ರಕ್ಕಿಳಿಸಿದ್ದರಿಂದ 12 ಬಂದಿದೆ. ವಸ್ತು ಸಂಗಮ ದೂರಕ್ಕೂ ಅದರ ಇಮ್ಮಡಿಗೂ ನಡುವೆ ಇದ್ದರೆ ಪ್ರತಿಬಿಂಬ ಇಮ್ಮಡಿಯ ಆಚೆಗೇ, ಅಂದರೆ 40 ಸೆಂ.ಮೀ. ದಾಟಿಯೇ ಬೀಳಬೇಕಂತೆ. 12 ಆಗಲಿ 18 ಆಗಲಿ ಬರುವ ಮಾತೇ ಇಲ್ಲ.

ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಮಗು ಏನು ಹೇಳಿದರೂ ತಲೆಯಾಡಿಸುವುದು ಶಿಕ್ಷಕನ ಕೆಲಸವೇ? ಪುಸ್ತಕದಲ್ಲಿ ಉತ್ತರವಿಲ್ಲದ ಲೆಕ್ಕಗಳನ್ನು ಅವಳು ಯಾವ ಧೈರ್ಯದಿಂದ ನಂಬಬೇಕು? ಇಷ್ಟು ದಿನ ಬರೆದುಕೊಂಡ ಟಿಪ್ಪಣಿಯನ್ನೆಲ್ಲ ಈಗ ರಾತ್ರಿ ಕುಳಿತು ಮತ್ತೆ ತಿದ್ದುತ್ತಿದ್ದಾಳೆ. ಮಾರ್ಚ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ.

ಉಳಿದ ತಿಂಗಳುಗಳ ಹಣವನ್ನು 15 ದಿನಗಳೊಳಗೆ ಹಿಂದಿರುಗಿಸಿ. ಕನ್ನಡ ಮಾಧ್ಯಮದ ಶಿಕ್ಷಕರಿಂದ ಪಾರಿಭಾಷಿಕ ಪದಗಳನ್ನೂ ಲೆಕ್ಕಗಳನ್ನೂ ಪರೀಕ್ಷಿಸಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಹೇಳುವಂತೆಯೂ, ಸರಿಯಿದ್ದಾಗ ಮಗು ಅಲ್ಲಗಳೆದರೂ ಕಾರಣ ಕೊಟ್ಟು ನಿಲ್ಲುವಂತೆಯೂ ಅದನ್ನು ತಿದ್ದಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿ ಜಿಲ್ಲಾ ಆಯೋಗಕ್ಕೂ ಹೋಗುತ್ತೇನೆ.

ಆ ಸಂಭಾಷಣೆಯ ಮೂರು ಸ್ಕ್ರೀನ್‌ಶಾಟ್‌ಗಳನ್ನೂ ಹಣ ಕಟ್ಟಿದ ರಸೀದಿಯನ್ನೂ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಚಂದಾದಾರ, ವಿದ್ಯಾರ್ಥಿನಿಯ ತಂದೆ