ಉರಿಮೂತ್ರ: ಹೆಸರು ಒಂದೇ, ಕಾಯಿಲೆ ಎರಡು

ಮಾನ್ಯರೇ,

ಬೇಸಿಗೆ ಬಂತೆಂದರೆ ಉರಿಮೂತ್ರದ ಮನೆಮದ್ದುಗಳು ಪತ್ರಿಕೆಗಳ ಆರೋಗ್ಯ ಪುಟಕ್ಕೂ ವಾಟ್ಸ್‌ಆ್ಯಪ್‌ಗೂ ಒಟ್ಟಿಗೇ ಬರುತ್ತವೆ: ಬಾರ್ಲಿ ನೀರು, ಎಳನೀರು, ಬಾಳೆದಿಂಡಿನ ರಸ, ಕೊತ್ತಂಬರಿ ಬೀಜದ ಕಷಾಯ. ತೊಡಕಿರುವುದು ಹೆಸರಿನಲ್ಲಿ. ಬಿಸಿಲಿಗೆ ನೀರು ಸಾಲದೆ ಮೂತ್ರ ಗಾಢವಾಗಿ ಉರಿಯುವುದನ್ನೂ, ಮೂತ್ರಕೋಶಕ್ಕೆ ಸೋಂಕು ತಗುಲಿ ಉರಿಯುವುದನ್ನೂ ನಾವು ಉರಿಮೂತ್ರ ಎಂದೇ ಕರೆಯುತ್ತೇವೆ. ಮೊದಲನೆಯದು ನಾಲ್ಕಾರು ಲೋಟ ನೀರಿಗೆ ಬಗ್ಗುತ್ತದೆ. ಎರಡನೆಯದಕ್ಕೆ ಬಹುಪಾಲು ಕಾರಣ ಕರುಳಿನಿಂದ ಬಂದು ಸೇರುವ ಇ-ಕೊಲೈ ಬ್ಯಾಕ್ಟೀರಿಯಾ. ಮೂತ್ರದ ಬಣ್ಣ ತಿಳಿಯಾದ ಮೇಲೂ ಉರಿ ನಿಲ್ಲದೆ, ಗಳಿಗೆಗೊಮ್ಮೆ ಅವಸರವಾಗಿ, ಹೋದರೆ ಹನಿಯಷ್ಟೇ ಬರುತ್ತಿದ್ದರೆ ಸೋಂಕೆಂದೇ ಅನುಮಾನಿಸಬೇಕು.

ಆಹಾರದಿಂದ ಆಗುವುದು ಮುಖ್ಯವಾಗಿ ಸೋಂಕು ಬರದಂತೆ ತಡೆ. ಅದರಲ್ಲೂ ಮೊದಲ ಸ್ಥಾನ ಬರೀ ನೀರಿನದು. 2018ರಲ್ಲಿ ಪ್ರಕಟವಾದ ಬಲ್ಗೇರಿಯಾದ ಅಧ್ಯಯನದಲ್ಲಿ ಪದೇಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಿದ್ದರು. ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಬಾರಿ ಸೋಂಕು ಬಂತು, ಉಳಿದವರಿಗೆ 3.2 ಬಾರಿ. ಬಾರ್ಲಿ ನೀರಿನ ಗುಣವೂ ಹೆಚ್ಚಾಗಿ ಅದರೊಳಗಿನ ನೀರಿನದೇ. ಎರಡು ದೊಡ್ಡ ಚಮಚ ಬಾರ್ಲಿಯನ್ನು ತೊಳೆದು, ಒಂದು ಲೀಟರ್ ನೀರಿನಲ್ಲಿ ಸಣ್ಣ ಉರಿಯ ಮೇಲೆ ಅರ್ಧ ಗಂಟೆ ಬೇಯಿಸಿ ಸೋಸಿ. ಅಂದೇ ಕುಡಿದು ಮುಗಿಸಿ, ಹೊರಗಿಟ್ಟರೆ ಹುಳಿಯುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಇನ್ನು, ಮೂತ್ರದ ಸೋಂಕಿಗೆ ಒಳ್ಳೆಯದೆನ್ನುವ ಹುಳಿಯಾದ ಕೆಂಪು ವಿದೇಶಿ ಹಣ್ಣು ಕ್ರ್ಯಾನ್‌ಬೆರಿಯ ಮಾತು. 50 ಪ್ರಯೋಗಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಜಾಲದ 2023ರ ವಿಮರ್ಶೆಯ ಪ್ರಕಾರ, ಪದೇಪದೇ ಸೋಂಕಾಗುವ ಮಹಿಳೆಯರಲ್ಲಿ ಅದು ಮರುಸೋಂಕಿನ ಅಪಾಯವನ್ನು ಸುಮಾರು ಕಾಲು ಭಾಗ ತಗ್ಗಿಸುತ್ತದೆ. ಗರ್ಭಿಣಿಯರಲ್ಲಿ ಅಂಥ ಪ್ರಯೋಜನ ಕಾಣಲಿಲ್ಲ. ಬಂದ ಸೋಂಕನ್ನು ಹಣ್ಣು ವಾಸಿಮಾಡುತ್ತದೆಂದು ಆ ವಿಮರ್ಶೆ ಹೇಳಿಲ್ಲ. ಅಂಗಡಿಯ ಒಣ ಕ್ರ್ಯಾನ್‌ಬೆರಿಯಲ್ಲಿ 100 ಗ್ರಾಮಿಗೆ ಸುಮಾರು 70 ಗ್ರಾಂ ಸಕ್ಕರೆಯೇ ಇರುತ್ತದೆ, ಮಧುಮೇಹಿಗಳಿಗೆ ಅದು ಮದ್ದಲ್ಲ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ನುಂಗುವವರೂ ಎಚ್ಚರದಿಂದಿರಬೇಕು. ನಮ್ಮ ಕವಳಿ ಹಣ್ಣನ್ನು ಕೆಲವರು ‘ಭಾರತದ ಕ್ರ್ಯಾನ್‌ಬೆರಿ’ ಎನ್ನುತ್ತಾರೆ. ಉಪ್ಪಿನಕಾಯಿಗೆ ಅದಕ್ಕೆ ಸಮವಿಲ್ಲ, ನಿಜ, ಆದರೆ ಅದರ ಕುಟುಂಬವೇ ಬೇರೆ. ಆ ಪ್ರಯೋಗಗಳ ಫಲ ಇದಕ್ಕೆ ಅನ್ವಯಿಸದು.

ನಿಜವಾಗಿ ಕೆಡುಕು ಮಾಡುವುದು, ಉರಿ ತಗ್ಗಲು ಅಡುಗೆ ಸೋಡಾ ಬೆರೆಸಿದ ನೀರು ಕುಡಿಯಿರಿ ಎಂಬ ಸಲಹೆ. ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1,200 ಮಿಲಿಗ್ರಾಂ ಸೋಡಿಯಂ ಇದೆ, ಅಂದರೆ ಇಡೀ ದಿನದ ಮಿತಿಯ ಅರ್ಧಕ್ಕಿಂತ ಹೆಚ್ಚು. ರಕ್ತದೊತ್ತಡ ಇದ್ದವರಿಗೆ ಇದು ಅಪಾಯ. ಸೋಡಾ ಉರಿಯನ್ನು ಮರೆಸಬಹುದು, ಸೋಂಕು ಒಳಗೇ ಉಳಿಯುತ್ತದೆ. ಸಾಲದ್ದಕ್ಕೆ, ಈ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ ಬರೆಯುವ ನೈಟ್ರೋಫ್ಯುರಾಂಟಾಯಿನ್ ಎಂಬ ಆ್ಯಂಟಿಬಯಾಟಿಕ್ ಚೆನ್ನಾಗಿ ಕೆಲಸ ಮಾಡುವುದು ಆಮ್ಲೀಯ ಮೂತ್ರದಲ್ಲಿ. ಸೋಡಾ ಕುಡಿದು ಅದನ್ನು ನುಂಗಿದರೆ ಮಾತ್ರೆಯ ಬಲವೇ ಕುಂದುತ್ತದೆ. ಈ ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ನಾರ್‌ಫ್ಲಾಕ್ಸಾಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್‌ಗೆ ಇದು ತಿರುವುಮುರುವು: ಹಾಲು, ಮೊಸರಿಗೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ನುಂಗಬೇಕು, ಇಲ್ಲವಾದರೆ ಕ್ಯಾಲ್ಸಿಯಂ ಅದನ್ನು ಹಿಡಿದಿಟ್ಟು ರಕ್ತಕ್ಕೆ ಸೇರಗೊಡುವುದಿಲ್ಲ. ಮನೆಮದ್ದಿನ ಅಂಕಣಗಳಲ್ಲಿ ಇಂಥ ವಿವರ ಕಾಣುವುದೇ ಅಪರೂಪ.

ಮಕ್ಕಳಲ್ಲಿ ಮಲಬದ್ಧತೆಯೂ ಸೋಂಕಿಗೆ ದಾರಿ. ಸೊಪ್ಪು, ಬಾಳೆದಿಂಡಿನ ಪಲ್ಯ, ಹಣ್ಣು ಅಲ್ಲಿ ಸಾರ್ಥಕ.

ಚಳಿಜ್ವರ, ಸೊಂಟದ ಮೇಲ್ಭಾಗದ ಪಕ್ಕೆನೋವು, ವಾಂತಿ, ಮೂತ್ರದಲ್ಲಿ ರಕ್ತ ಇದ್ದರೆ ಸೋಂಕು ಕಿಡ್ನಿಗೆ ಏರಿರಬಹುದು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಗರ್ಭಿಣಿಯರು, ಮಧುಮೇಹಿಗಳು, ಗಂಡಸರು, ಮಕ್ಕಳು ಈ ಲಕ್ಷಣಗಳಿಗೂ ಕಾಯಬಾರದು. ಮೂತ್ರದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಬರೆದುಕೊಟ್ಟರೆ, ಮಾತ್ರೆ ಶುರುಮಾಡುವ ಮೊದಲೇ, ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬಿನ ಶುದ್ಧ ಡಬ್ಬಿಯಲ್ಲಿ ಹಿಡಿದು ಎರಡು ಗಂಟೆಯೊಳಗೆ ತಲುಪಿಸಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಬೇಕು. ಹೊರಗೆ ಉಳಿದರೆ ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆದು ವರದಿ ಸುಳ್ಳಾಗುತ್ತದೆ.

– ಪಥ್ಯಾಹಾರ ತಜ್ಞೆ, ದಾವಣಗೆರೆ